ಶುಂಠಿ ಬೀರಿನ ಅಕ್ಕ

ಹೋದ ತಿಂಗಳು ಶಿಕಾರಿಪುರದಿಂದ ಬಂದ ನೆಂಟರೊಬ್ಬರು ಊಟಕ್ಕೆ ಕೂತವರು ಮಾತಿನ ನಡುವೆ, "ನಿಮ್ಮ ಪಟಾಕಿ ಅಕ್ಕ ಹೋಗಿಬಿಟ್ರಂತೆ ಕಣ್ರೀ" ಎಂದರು. ಸಾರಿನ ಸೌಟು ಹಿಡಿದ ನನ್ನ ಕೈ ಹಾಗೇ ನಿಂತಿತು. ತುಂಬ ವಯಸ್ಸಾಗಿತ್ತು, ನರಳಲಿಲ್ಲ, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ ಅಂತ ಅವರು ವಿವರ ಹೇಳುತ್ತಿದ್ದರು. ನನಗೆ ಅಳು ಬಂತು. ಅದರ ಹಿಂದೆಯೇ ನಗುವೂ ಬಂದು, ನೆಂಟರು ಗಾಬರಿಯಾಗಿ ನನ್ನ ಮುಖ ನೋಡಿದರು. ಅವರಿಗೆ ಹೇಗೆ ಹೇಳುವುದು? ಅಕ್ಕನನ್ನು ನೆನೆದರೆ ನನಗೆ ಮೊದಲು ಕೇಳಿಸುವುದು ಸೀಸೆ ಒಡೆಯುವ ಸದ್ದು.

ನಾನು ಮದುವೆಯಾಗಿ ಸೊರಬದಿಂದ ಶಿಕಾರಿಪುರಕ್ಕೆ ಬಂದದ್ದು ಕನ್ನಡ ಸೀಮೆಗಳೆಲ್ಲ ಒಂದು ರಾಜ್ಯವಾದ ಮರುವರ್ಷ. ನಮ್ಮ ಯಜಮಾನರು ಅಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ನಾವು ಬಾಡಿಗೆಗೆ ಹಿಡಿದ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಒಬ್ಬ ಹೆಂಗಸು ಒಬ್ಬರೇ ಇದ್ದಾರೆ, ಗಂಡ ಇಲ್ಲ, ಮಕ್ಕಳಿಲ್ಲ ಅನ್ನುವುದಷ್ಟೇ ಗೊತ್ತಿತ್ತು. ಬಂದ ಹೊಸದರಲ್ಲೇ ಒಂದು ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತ ಕೂತಿದ್ದಾಗ ಗೋಡೆಯ ಆಚೆ ಢಮ್ ಎಂದಿತು. ಏನಾಯಿತೆಂದು ಏಳುವುದರೊಳಗೆ ಇನ್ನೊಂದು. ಆಮೇಲೆ ಸಾಲಾಗಿ. ಮೊರ ಬಿಟ್ಟು ಓಡಿದೆ.

ಬಾಗಿಲು ತೆರೆದೇ ಇತ್ತು. ಅಡುಗೆಮನೆಯ ಗೋಡೆಯಿಂದ ಹಳದಿ ನೀರು ಇಳಿಯುತ್ತಿತ್ತು. ನೆಲದ ತುಂಬ ಗಾಜು. ಮೂಲೆಯಲ್ಲಿ, ಬೀಸುವ ಕಲ್ಲಿನ ಹಿಂದೆ, ತಲೆಯ ಮೇಲೆ ಬಿದಿರಿನ ಬುಟ್ಟಿ ಕವುಚಿಕೊಂಡು ಎತ್ತರದ ಹೆಂಗಸೊಬ್ಬರು ಕೂತಿದ್ದರು.

"ಒಳಗೆ ಬರಬ್ಯಾಡವ್ವ, ಇನ್ನೂ ಎರಡು ಅದಾವೆ!" ಎಂದರು.

"ಎಂತದ್ದು ಅಕ್ಕಾ?"

"ಬೀರು. ಶುಂಠಿ ಬೀರು."

ನನಗೆ ಗೊತ್ತಿದ್ದ ಬೀರು ಸೀರೆ ಮಡಿಸಿ ಇಡುವ ಮರದ ಬೀರು. ಶುಂಠಿ ಇಡುವುದಕ್ಕೆ ಬೀರು ಯಾಕೆ, ಅದು ಹೀಗೆ ಒಡೆಯುವುದು ಹೇಗೆ ಎಂದು ಬೆಪ್ಪಾಗಿ ನಿಂತೆ. ಉಳಿದ ಎರಡೂ ಒಡೆದ ಮೇಲೆ ಅವರು ಬುಟ್ಟಿ ತೆಗೆದು ಎದ್ದು ಬಂದರು. ಮುಖ ಸಪ್ಪಗಾಗಿರುತ್ತದೆ ಅಂದುಕೊಂಡಿದ್ದೆ. ಅವರು ಗೋಡೆಯ ಮೇಲಿನ ನೀರನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟುಕೊಂಡು, "ಕಸುವು ಬಂದೈತೆ. ನಂಗೆ ಬೇಕಾದ್ದಕ್ಕಿಂತ ಜಾಸ್ತಿನೇ ಬಂದೈತೆ. ನೀನೂ ನೋಡು" ಎಂದರು. ನಮ್ಮ ಪರಿಚಯ ಆದದ್ದು ಹೀಗೆ, ಗೋಡೆ ನೆಕ್ಕಿಕೊಂಡು.

ಅವರ ಗಂಡ ಬೆಳಗಾವಿಯ ದಂಡಿನಲ್ಲಿ ಒಬ್ಬ ಬಿಳಿ ದೊರೆಯ ಮನೆಯಲ್ಲಿ ಬಟ್ಲರ್ ಆಗಿದ್ದರಂತೆ. ದೊರೆಸಾನಿ ಬೇಸಿಗೆ ಬಂದರೆ ಶುಂಠಿ ಬೀರು ಮಾಡಿಸುತ್ತಿದ್ದಳು. ಶುಂಠಿ ಜಜ್ಜುವುದು, ಸೀಸೆ ತೊಳೆಯುವುದು ಅಕ್ಕನ ಪಾಲಿನ ಕೆಲಸ. ಸ್ವಾತಂತ್ರ್ಯ ಬಂದು ದೊರೆ ಹಡಗು ಹತ್ತಿದ. ಗಂಡ ಒಂದು ಹೋಟೆಲ್ಲು ಸೇರಿ, ಕೆಲವು ವರ್ಷಕ್ಕೆ ಕಾಮಾಲೆಯಾಗಿ ತೀರಿಕೊಂಡರು. ಅಕ್ಕ ತಾಯಿ ಬಿಟ್ಟುಹೋಗಿದ್ದ ಶಿಕಾರಿಪುರದ ಆ ಪುಟ್ಟ ಮನೆಗೆ ವಾಪಸು ಬಂದರು.

ಆನವಟ್ಟಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವರ ಅಣ್ಣ ಮೊದಲಿಂದಲೂ ಕರೆಯುತ್ತಲೇ ಇದ್ದರು. ಅಣ್ಣ ಕೆಟ್ಟವರಲ್ಲ. "ಅಲ್ಲಿ ಹೋದ್ರೆ ಊಟಕ್ಕೇನೂ ಕಡಿಮೆ ಇಲ್ಲ ತಂಗಿ. ಆದ್ರೆ ಒಲೆ ಅತ್ತಿಗೇದು. ಅದರ ಮೇಲೆ ಏನು ಕುದೀಬೇಕು ಅಂತ ಹೇಳೋಳು ನಾನಲ್ಲ" ಎಂದು ಅಕ್ಕ ನನಗೆ ಒಮ್ಮೆ ಹೇಳಿದ್ದರು. ತನ್ನ ಒಲೆಯ ಮೇಲೆ ತಾನು ಇಟ್ಟದ್ದು ಕುದಿಯಬೇಕು, ಅದರಿಂದ ತನ್ನ ಹೊಟ್ಟೆ ತುಂಬಬೇಕು. ಅವರಿಗೆ ಬೇಕಾಗಿದ್ದದ್ದು ಇಷ್ಟೇ. ಅದಕ್ಕೆ ಗೊತ್ತಿದ್ದ ವಿದ್ಯೆ ಇದೊಂದೇ, ಅದೂ ಅರ್ಧ.

ಅರ್ಧ ಯಾಕೆಂದರೆ, ಕಡೆಗೆ ದೊರೆಸಾನಿ ಒಂದು ಡಬ್ಬಿಯಿಂದ ಚಿಟಿಕೆ ಪುಡಿ ತೆಗೆದು ಹಾಕಿ ಕಲಕುತ್ತಿದ್ದಳು. ಅದು ಯಾವ ಪುಡಿ ಎಂದು ಅಕ್ಕ ಕೇಳಿರಲಿಲ್ಲ. ಶಿಕಾರಿಪುರದ ಅಂಗಡಿಗಳಲ್ಲಿ ಕೇಳಿದರೆ ಅಡುಗೆ ಸೋಡ ಕಟ್ಟಿಕೊಟ್ಟರು. ಅದನ್ನು ಹಾಕಿದ್ದಕ್ಕೆ ಹೊಟ್ಟೆ ಗುಡುಗಿತೇ ಹೊರತು ಬೀರಾಗಲಿಲ್ಲ. ಆಮೇಲೆ ದಾರಿ ತೋರಿಸಿದ್ದು ಒಂದು ಮರೆವು. ಕಷಾಯಕ್ಕೆಂದು ಶುಂಠಿ ಜಜ್ಜಿ ಬೆಲ್ಲದ ನೀರಲ್ಲಿ ಹಾಕಿದ್ದನ್ನು ಮರೆತು ಅಕ್ಕ ಅಣ್ಣನ ಊರಿಗೆ ಹೋಗಿದ್ದರು. ವಾಪಸು ಬಂದು ನೋಡಿದರೆ ಪಾತ್ರೆಯ ಮೇಲೆ ನೊರೆ, ಒಳಗೆ ಗುಳುಗುಳು. ಇನ್ಯಾರಾದರೂ ಆಗಿದ್ದರೆ ಕೆಟ್ಟಿತೆಂದು ಹಿತ್ತಲಿಗೆ ಚೆಲ್ಲುತ್ತಿದ್ದರು. ಅಕ್ಕ ಅದಕ್ಕೆ ಇನ್ನಷ್ಟು ಶುಂಠಿ, ಇನ್ನಷ್ಟು ಬೆಲ್ಲ ಹಾಕಿ ಕಾದರು. ಅದು ಇನ್ನೂ ಹುರುಪಿನಿಂದ ಉಬ್ಬಿತು. ಹಾಲಿಗೆ ಹೆಪ್ಪು ಇದ್ದ ಹಾಗೆ ಶುಂಠಿ ನೀರಿಗೆ ಇದೇ ಹೆಪ್ಪು ಎಂದು ಅವರಿಗೆ ಹೊಳೆಯಿತು. ಸಕ್ಕರೆ ಕರಗಿಸಿದ ಶುಂಠಿ ನೀರಿಗೆ ಆ ಹೆಪ್ಪನ್ನು ಹಾಕಿ ಮಾಡಿದ ಮೊದಲ ಸೀಸೆಗಳೇ ನಾನು ಕಂಡ ಹಾಗೆ ಒಡೆದದ್ದು.

ಅವರ ಕಾರ್ಖಾನೆ ಅಂದರೆ ಒಂದು ಅಲ್ಯುಮಿನಿಯಂ ಪಾತ್ರೆ, ಮಣ್ಣಿನ ಗಡಿಗೆಗಳು, ಸೋಸುವುದಕ್ಕೆ ಗಂಡನ ಹಳೇ ಪಂಚೆ, ಒಂದು ತಗಡಿನ ಲಾಳಿಕೆ, ಮತ್ತೆ ಊರವರು ಎಸೆದ ತರಾವರಿ ಸೀಸೆಗಳು. ಬಿರಡೆ ಹಾಕಿ ಹುರಿಯಿಂದ ಬಿಗಿಯುವುದು. ಉಷ್ಣ ಅಳೆಯುವ ಕಡ್ಡಿ ಇಲ್ಲ, ತೂಕದ ತಕ್ಕಡಿ ಇಲ್ಲ. ಬೆರಳು, ಮೂಗು, ಕಿವಿ ಇದ್ದವು. ದಿನಾ ಬೆಳಿಗ್ಗೆ ಅಕ್ಕ ಒಂದೊಂದೇ ಸೀಸೆಯನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಒಳಗಿನ ಸದ್ದು ಕೇಳುತ್ತಿದ್ದರು. ಕಿಟಕಿಯಿಂದ ನೋಡಿದವರಿಗೆ ಈ ಹೆಂಗಸಿಗೆ ತಲೆ ಕೆಟ್ಟಿದೆ ಅನ್ನಿಸಿದ್ದರೆ ತಪ್ಪಿಲ್ಲ.

ಆ ವರ್ಷ ಕೆಟ್ಟದ್ದಕ್ಕೆ ಲೆಕ್ಕವಿಲ್ಲ. ಒಂದು ಸಲ ಬೀರು ಲೋಳೆಯಾಗಿ ದಾರದ ಹಾಗೆ ಇಳಿಯಿತು. ಇನ್ನೊಂದು ಸಲ ಉಪ್ಪಿನಕಾಯಿ ವಾಸನೆ ಹೊಡೆಯಿತು. ಮತ್ತೊಂದು ಸಲ ಎಲ್ಲ ಸರಿಯಿದ್ದೂ ಒಂದು ಗುಳ್ಳೆ ಏಳಲಿಲ್ಲ. ಇಂಥ ದಿನಗಳಲ್ಲಿ ಅಕ್ಕ ಮಾಡುತ್ತಿದ್ದ ಒಂದು ಕೆಲಸ ನನಗೆ ಮೊದಮೊದಲು ಹೇಸಿಗೆ ತರಿಸುತ್ತಿತ್ತು. ಕೆಟ್ಟದ್ದನ್ನು ಒಂದು ಲೋಟಕ್ಕೆ ಬಗ್ಗಿಸಿಕೊಂಡು, ಹೊಸಲಿನ ಮೇಲೆ ಕೂತು, ಗುಟುಕು ಗುಟುಕಾಗಿ ಪೂರ್ತಿ ಕುಡಿಯುತ್ತಿದ್ದರು.

"ಥೂ, ಚೆಲ್ಲಿ ಅಕ್ಕಾ. ಎಂತಕ್ಕೆ ಕುಡೀತೀರಿ?"

"ಚೆಲ್ಲಿಬಿಟ್ರೆ ಏನು ಕೆಡ್ತು ಅಂತ ಹೇಳೋರು ಯಾರು? ಇದೇ ತಾನೆ ಹೇಳಬೇಕು" ಎಂದು ಇನ್ನೊಂದು ಗುಟುಕು ಹಾಕಿ, ಮುಖ ಹುಳ್ಳಗೆ ಮಾಡಿ, ಯೋಚನೆ ಮಾಡುತ್ತಿದ್ದರು.

ಉಪ್ಪಿನಕಾಯಿ ವಾಸನೆ ಗಡಿಗೆಯದು ಎಂದು ಕಂಡುಹಿಡಿದು ಹೊಸ ಗಡಿಗೆ ತಂದರು. ಕುದಿನೀರು ಹಾಕಿ ಬಿಸಿಲಿಗೆ ಒಣಗಿಸದೆ ಯಾವುದನ್ನೂ ಮುಟ್ಟುವುದಿಲ್ಲ ಎಂದರು. ಲೋಳೆ ಬಂದದ್ದು ಸೋಸುವ ಬಟ್ಟೆ ಮುಗ್ಗಿದ್ದರಿಂದ. ಗುಳ್ಳೆ ಏಳದ ಗುಟ್ಟು ಮಾತ್ರ ಬಹಳ ದಿನ ಸಿಗಲಿಲ್ಲ. ಒಂದು ದಿನ ನಾನು ಅವರ ಮನೆಯಲ್ಲೇ ಹಾಲಿಗೆ ಹೆಪ್ಪು ಹಾಕಲು ಹೋದಾಗ, "ಸುಡ್ತಾ ಐತೆ, ತಣೀಲಿ ತಡಿ" ಎಂದವರೇ ಹಣೆ ಚಚ್ಚಿಕೊಂಡರು. "ನೋಡಿದ್ಯಾ? ಹಾಲಿಗಾದ್ರೆ ಬುದ್ಧಿ ಐತೆ. ಇದಕ್ಕೆ ಕುದಿಯೋ ನೀರು ಸುರಿದು ಸಾಯಿಸಿ, ಯಾಕೆ ಎದ್ದೇಳಲ್ಲ ಅಂತ ಕೇಳ್ತಾ ಕೂತೀನಿ!"

ಅವರಲ್ಲಿ ನಾನು ಕಂಡ ದೊಡ್ಡ ಶಿಸ್ತು ಒಂದಿತ್ತು. ಒಂದು ಸಲಕ್ಕೆ ಒಂದೇ ಒಂದು ಬದಲಾವಣೆ. ಗಡಿಗೆ ಬದಲಾಯಿಸಿದರೆ ಸಕ್ಕರೆ ಅಷ್ಟೇ. ಸಕ್ಕರೆ ಬದಲಾಯಿಸಿದರೆ ಗಡಿಗೆ ಅದೇ. ನಾನು ಅವಸರ ಮಾಡಿದರೆ, "ಎಲ್ಲಾ ಒಟ್ಟಿಗೆ ಬದಲಾಯಿಸಿದ್ರೆ ಯಾವುದಕ್ಕೆ ನಮಸ್ಕಾರ ಹಾಕೋದು, ಯಾವುದಕ್ಕೆ ಬಯ್ಯೋದು?" ಅನ್ನುವರು.

ಮುಂದಿನ ಬೇಸಿಗೆಯ ಹೊತ್ತಿಗೆ ಬೀರು ಕೈಗೆ ಹತ್ತಿತು. ಗಂಟಲಲ್ಲಿ ಚುರುಗುಟ್ಟಿ, ಮೂಗಿಗೇರಿ, ಕಣ್ಣಲ್ಲಿ ನೀರು ತರಿಸಿ, ಆಮೇಲೆ ತಂಪಾಗಿ ಇಳಿಯುತ್ತಿತ್ತು. ಜಗುಲಿಯ ಮೇಲೆ ಒಂದು ಹಲಗೆ ಹಾಕಿ ಅಕ್ಕ ಲೋಟದ ಲೆಕ್ಕದಲ್ಲಿ ಮಾರಲು ಶುರು ಮಾಡಿದರು. ಸಂತೆಗೆ ಬಂದ ಗಾಡಿಯವರು, ತಾಲ್ಲೂಕು ಕಚೇರಿಗೆ ಅಲೆದು ಸುಸ್ತಾದವರು ಬಂದು ಕುಡಿದರು. ನನ್ನನ್ನು ನೋಡಲು ಸೊರಬದಿಂದ ಬಂದ ನಮ್ಮ ದೊಡ್ಡಪ್ಪ ಒಂದು ಲೋಟ ಕುಡಿದು ದೊಡ್ಡದಾಗಿ ತೇಗಿ, "ನಮ್ಮನೆ ಹುಡುಗಿ ಮದುವೆಗೆ ಬೀಗರಿಗೆಲ್ಲ ಇದನ್ನೇ ಕೊಡೋದು" ಎಂದುಬಿಟ್ಟರು. ಮದುವೆ ವೈಶಾಖದಲ್ಲಿತ್ತು. ಅಕ್ಕ ಆಗಲೇ ಬೆರಳು ಮಡಿಸಿ ಸೀಸೆ ಎಣಿಸತೊಡಗಿದರು.

ಅಷ್ಟರಲ್ಲಿ ಯಾರೋ ದೂರು ಕೊಟ್ಟಿದ್ದರು. ಆಗ ನಮ್ಮ ಕಡೆ ಪಾನನಿರೋಧ ಇತ್ತು. ಕಳ್ಳು ಸಾರಾಯಿ ಏನೂ ಕೂಡದು. ಅಂಥ ಕಾಲದಲ್ಲಿ ಅಕ್ಕ ಬೀದಿಗೆ ಕೇಳುವ ಹಾಗೆ "ಬೀರು, ಬೀರು" ಎಂದು ಕೂಗಿ ಮಾರುತ್ತಿದ್ದರು! ಒಂದು ಮಧ್ಯಾಹ್ನ ದಫೇದಾರರೊಬ್ಬರು ಬಂದು ಇದ್ದ ಸೀಸೆಗಳನ್ನೆಲ್ಲ ಎತ್ತಿನಗಾಡಿಗೆ ತುಂಬಿಸಿ, ಅಕ್ಕನನ್ನೂ ಠಾಣೆಗೆ ಬರಹೇಳಿದರು. ನಾನೂ ನಮ್ಮ ಯಜಮಾನರೂ ಜತೆಗೆ ಹೊರಟೆವು. ಅಕ್ಕ ದಾರಿಯುದ್ದಕ್ಕೂ ಗಾಡಿಯ ಹಿಂದೆ, "ಕುಲುಕಬ್ಯಾಡ್ರಿ ದಫೇದಾರ್ರೇ, ಬಿಸಿಲಿಗೆ ಇಡಬ್ಯಾಡ್ರಿ" ಎಂದು ಹೇಳುತ್ತಲೇ ಬಂದರು. "ನಂಗೆ ಬುದ್ಧಿ ಹೇಳ್ತೀಯಾ? ಸುಮ್ನೆ ಬಾ" ಎಂದು ಅವರು ಸೀಸೆಗಳನ್ನು ತಗಡಿನ ಚಾವಡಿಯಲ್ಲಿ, ಠಾಣೆಯ ಸಾಹೇಬರ ಮೇಜಿನ ಎದುರು ಬೀಳುವ ಬಿಸಿಲಿಗೇ ಸಾಲಾಗಿ ಇಡಿಸಿದರು.

ಸಾಹೇಬರು ಕುರ್ಚಿಯಲ್ಲಿ ಕೂತು, "ಏನಮ್ಮಾ, ಬೀರು ಮಾಡ್ತೀಯಂತೆ?" ಎಂದರು.

"ಹೌದ್ರೀ ಸಾಹೇಬ್ರೆ" ಎಂದರು ಅಕ್ಕ. ನಮ್ಮ ಯಜಮಾನರು ತಲೆ ಮೇಲೆ ಕೈ ಇಟ್ಟುಕೊಂಡರು.

ಮುಂದಿನ ಪ್ರಶ್ನೆಗೆ ಸಮಯ ಸಿಗಲಿಲ್ಲ. ಢಮ್ ಎಂದಿತು. ಹಿಂದೆಯೇ ಸಾಲಾಗಿ ಇನ್ನಷ್ಟು. ದಫೇದಾರರು ಪೇಟ ಹಿಡಿದುಕೊಂಡು ಬೆಂಚಿನ ಕೆಳಗೆ ನುಗ್ಗಿದರು. ಸಾಹೇಬರ ಮೇಜಿನ ಮೇಲೆ, ಕಾಗದದ ಮೇಲೆ, ಅವರ ಮೀಸೆಯ ಮೇಲೆ ಶುಂಠಿ ನೀರು. ಸದ್ದು ನಿಂತ ಮೇಲೆ ಎಲ್ಲರೂ ಮುಖ ಒರೆಸಿಕೊಂಡರು. ಅಕ್ಕ ಮಾತ್ರ ಸಾಹೇಬರ ಮುಖ ಕೂಡ ನೋಡದೆ ಬಗ್ಗಿ ಗಾಜಿನ ಚೂರುಗಳನ್ನು ತಿರುಗಿಸಿ ನೋಡುತ್ತಿದ್ದರು.

"ತಂಗೀ, ಬಾ ಇಲ್ಲಿ! ಒಡೆದಿದ್ದೆಲ್ಲಾ ಚಪ್ಪಟೆ ಸೀಸೆ ನೋಡೆ. ಗುಂಡಂದು ಒಂದೂ ಒಡೆದಿಲ್ಲ! ಮನೇಲಿ ಎಲ್ಲಾ ಕಲಸಿ ಇಡ್ತಿದ್ದೆ, ನಂಗೆ ಗೊತ್ತೇ ಆಗಿರಲಿಲ್ಲ."

ಸಾಹೇಬರು ಅವರನ್ನೇ ನೋಡುತ್ತ ಕೂತರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ನಗು ತಡೆದುಕೊಂಡು, ಉಳಿದ ಒಂದು ಗುಂಡು ಸೀಸೆ ತೆಗೆಸಿ, ಮೊದಲು ದಫೇದಾರರಿಗೇ ಕುಡಿಸಿದರು. ಸ್ವಲ್ಪ ಹೊತ್ತು ಬಿಟ್ಟು, "ಏನಯ್ಯಾ, ಅಮಲು ಏರ್ತಾ ಇದೆಯಾ?" ಎಂದು ಕೇಳಿದರು.

"ಇಲ್ಲ ಸಾರ್. ತೇಗು ಬರ್ತಾ ಐತೆ."

ಸಾಹೇಬರೂ ಅರ್ಧ ಲೋಟ ಕುಡಿದರು. "ಹೆಸರು ಬದಲಾಯಿಸಮ್ಮ. ಬೀರು ಅನ್ನೋ ಮಾತು ಇನ್ನೊಂದ್ಸಲ ನನ್ನ ಕಿವಿಗೆ ಬಿದ್ರೆ ಕೇಸು ಹಾಕಲೇಬೇಕಾಗುತ್ತೆ. ಬಹಳ ದಿನ ಇಟ್ಟು ಹುಳಿ ಹಿಡಿಸಲೂ ಬೇಡ" ಎಂದು ಕಳಿಸಿಕೊಟ್ಟರು. ವಾಪಸು ಬರುವಾಗ ಕೆರೆ ಏರಿಯ ಮೇಲೆ ಅಕ್ಕ ನಿಂತು, "ಎಲ್ಲಕ್ಕಿಂತ ದೊಡ್ಡ ತಪ್ಪು ಹೆಸರಲ್ಲೇ ಇತ್ತು ತಂಗಿ. ನಾನು ಗಡಿಗೇಲಿ ಹುಡುಕ್ತಾ ಇದ್ದೆ" ಎಂದರು. ಅವತ್ತಿನಿಂದ ಅದು ಶುಂಠಿ ಸೋಡ. ಅಕ್ಕ ಮಾತ್ರ ಊರಿಗೆಲ್ಲ ಪಟಾಕಿ ಅಕ್ಕ ಆದರು.

ಠಾಣೆಯ ಸುದ್ದಿ ಆನವಟ್ಟಿ ಮುಟ್ಟಲು ಒಂದು ಬಸ್ಸು ಸಾಕಾಯಿತು. ಮಾರನೇ ದಿನವೇ ಅಣ್ಣ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ವಲ್ಲಿ, ಗಂಭೀರ ಮನುಷ್ಯ. ಕೂಗಾಡಲಿಲ್ಲ. ಜಗುಲಿಯ ಮೇಲೆ ಕೂತು, "ನಮ್ಮ ಮನೆ ಹೆಂಗಸರು ಠಾಣೆ ಮೆಟ್ಲು ಹತ್ತಿದ್ದು ಕೇಳಿದ್ಯೇನವ್ವ ಯಾವತ್ತಾದ್ರೂ?" ಎಂದು ನೆಲ ನೋಡುತ್ತ ಕೇಳಿದರು. ಅಕ್ಕ ತಂದಿಟ್ಟ ಲೋಟ ಮುಟ್ಟಲಿಲ್ಲ.

"ತಪ್ಪು ಮಾಡಿಲ್ಲ ಅಂತ ಸಾಹೇಬ್ರೇ ಬಿಟ್ರು ಅಣ್ಣ."

"ಬಿಟ್ರು. ಜನ ಬಿಡ್ತಾರಾ? ಸಾಕು. ಸಾಮಾನು ಕಟ್ಟು."

"ಸೊರಬದ ಮದುವೆಗೆ ಮಾತು ಕೊಟ್ಟೀನಿ."

ಆ ಮದುವೆಗೆ ಅಣ್ಣನಿಗೂ ಕರೆ ಇತ್ತು. ದೊಡ್ಡಪ್ಪ ಅವರ ಅಂಗಡಿಯಲ್ಲೇ ಜವಳಿ ತೆಗೆದಿದ್ದರು. ಅಣ್ಣ ವಲ್ಲಿಯಿಂದ ಮುಖ ಒರೆಸಿಕೊಂಡು, "ಆಗಲಿ. ಮದುವೆ ಮುಗೀಲಿ. ಅಲ್ಲಿಂದಲೇ ಆನವಟ್ಟಿಗೆ ಕರ್ಕೊಂಡು ಹೋಗ್ತೀನಿ" ಎಂದರು.

"ಅಲ್ಲಿ ಕೆಟ್ರೆ ಬರ್ತೀನಿ ಅಣ್ಣ. ಕೆಡದಿದ್ರೆ?"

ಅಣ್ಣ ಎದ್ದು ಚಪ್ಪಲಿ ಮೆಟ್ಟಿ ಹೊರಟರು. ಲೋಟದ ಸೋಡವನ್ನು ಅಕ್ಕ ತಾವೇ ಕುಡಿದರು.

ತುಂಬಿದ ಸೀಸೆಗಳನ್ನು ಬಸ್ಸಿನ ಮೇಲೆ ಹೇರಿದರೆ ದಾರಿಯಲ್ಲೇ ಪಟಾಕಿ ಎಂದು ಠಾಣೆ ಕಲಿಸಿತ್ತು. ಆದ್ದರಿಂದ ಮದುವೆಗೆ ಕೆಲವು ದಿನ ಮೊದಲೇ ನಾವಿಬ್ಬರೂ ಖಾಲಿ ಗುಂಡು ಸೀಸೆಗಳ ಬುಟ್ಟಿಗಳನ್ನು ಬಸ್ಸಿನ ಮೇಲೆ ಹಾಕಿಸಿ ಸೊರಬಕ್ಕೆ ಹೋದೆವು. ಹೆಪ್ಪಿನ ಗಡಿಗೆ ಮಾತ್ರ ಅಕ್ಕನ ತೊಡೆಯ ಮೇಲೆ. ದೊಡ್ಡಪ್ಪನ ಮನೆಯ ಬಾವಿ ನೀರು, ಅಲ್ಲಿಯದೇ ಶುಂಠಿ. ತಣಿಸಿ, ಹೆಪ್ಪು ಹಾಕಿ, ಬಿರಡೆ ಬಿಗಿದು, ನಡುಮನೆಯ ಕತ್ತಲೆ ಕೋಣೆಯಲ್ಲಿ ಕಲ್ಲು ಹಾಸಿನ ಮೇಲೆ ಸಾಲಾಗಿ ಇಟ್ಟೆವು.

ಬೀಗರು ಬರುವ ಹಿಂದಿನ ದಿನ ಬೆಳಿಗ್ಗೆ ಅಕ್ಕ ಸೀಸೆ ಕಿವಿಗೆ ಹಿಡಿದರು. ಇನ್ನೊಂದು ಹಿಡಿದರು. ಮತ್ತೊಂದು. ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು. ಸದ್ದಿಲ್ಲ. ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪ, "ಎಂತ ಆತು? ಈಗಲೇ ಹೇಳಿಬಿಡಿ, ನಿಂಬೆಹಣ್ಣಿನ ಪಾನಕಕ್ಕಾದ್ರೂ ಹೇಳ್ತೀನಿ" ಎಂದರು. ನನಗೆ ಆನವಟ್ಟಿಯ ಬಸ್ಸು ಕಣ್ಣ ಮುಂದೆ ಬಂತು.

ಅಕ್ಕ ಒಂದು ಸೀಸೆ ಬಿಚ್ಚಿ, ಲೋಟಕ್ಕೆ ಬಗ್ಗಿಸಿ, ಅಲ್ಲೇ ಹೊಸಲ ಮೇಲೆ ಕೂತು ಕುಡಿಯತೊಡಗಿದರು. ಮದುವೆ ಮನೆಯ ಗಲಾಟೆಯೆಲ್ಲ ಅವರನ್ನು ದಾಟಿಕೊಂಡು ಓಡಾಡುತ್ತಿತ್ತು. ಲೋಟ ಮುಗಿಯುವವರೆಗೂ ಅವರು ಏಳಲಿಲ್ಲ.

"ಸಿಹಿ ಹಂಗೇ ಐತೆ" ಎಂದರು. "ಅಂದ್ರೆ ಹೆಪ್ಪು ಸಕ್ಕರೆ ತಿಂದಿಲ್ಲ. ಹಳಸಿಲ್ಲ, ಹುಳಿ ಇಲ್ಲ. ಸತ್ತಿಲ್ಲ ತಂಗಿ." ಬಗ್ಗಿ ಕಲ್ಲು ಹಾಸನ್ನು ಅಂಗೈಯಿಂದ ಮುಟ್ಟಿದರು. "ನಮ್ಮೂರಿನ ಮನೆ ಕಾದ ಬಾಣಲೆ ಇದ್ದಂಗೆ. ಇಲ್ಲಿ ಈ ಕಲ್ಲು ನೋಡು, ನೀರಿನಂಗೆ ತಣ್ಣಗೈತೆ. ಅದು ಚಳಿಗೆ ಮುದುರ್ಕೊಂಡು ಮಲಗಿಬಿಟ್ಟೈತೆ ಅಷ್ಟೇ."

ಮದುವೆ ಮನೆಯ ಬಚ್ಚಲ ಒಲೆ ಬೆಳಗಿನಿಂದ ಉರಿಯುತ್ತಲೇ ಇತ್ತು. ಸೀಸೆಗಳನ್ನೆಲ್ಲ ಅಲ್ಲಿಗೆ ಸಾಗಿಸಿ, ಹಂಡೆಯಿಂದ ತುಸು ದೂರಕ್ಕೆ, ಹುಲ್ಲಿನ ಮೇಲೆ ಇಟ್ಟು ಗೋಣಿಚೀಲ ಹೊದಿಸಿದೆವು. ತೀರ ಹತ್ತಿರವಾದರೆ ಒಡೆಯುತ್ತದೆ, ದೂರವಾದರೆ ಏಳುವುದಿಲ್ಲ. ಅಕ್ಕ ಅಲ್ಲೇ ಕೂತು ಅಂಗೈಯಿಂದ ಶಾಖ ನೋಡುತ್ತ, ಸೀಸೆಗಳನ್ನು ತಿರುಗಿಸುತ್ತ ಇದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಸೀಸೆಯನ್ನು ನನ್ನ ಕಿವಿಗೆ ಹಿಡಿದರು. ಒಳಗೆ ಸಣ್ಣಗೆ, ದೂರದಲ್ಲಿ ಮಳೆ ಬಂದ ಹಾಗೆ ಸದ್ದು.

ಮಾರನೇ ದಿನ ಬಿಸಿಲಲ್ಲಿ ಬಂದಿಳಿದ ಬೀಗರಿಗೆ ಬಿರಡೆ ಟಪ್ ಎಂದು ಹಾರಿಸಿ ಲೋಟ ಲೋಟ ಕೊಟ್ಟರು. ಕುಡಿದವರು ಕಣ್ಣು ಒರೆಸಿಕೊಂಡು ಮತ್ತೆ ಕೈ ಚಾಚಿದರು. ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ ಅಣ್ಣನಿಗೆ ಲೋಟ ಕೊಡಲು ಅಕ್ಕನೇ ಹೋದರು. ಈ ಸಲ ಅವರು ತೆಗೆದುಕೊಂಡರು. ನಿಧಾನವಾಗಿ ಕುಡಿದು, ಲೋಟದ ತಳ ನೋಡಿ, "ಸಕ್ಕರೆ ಒಂಚೂರು ಜಾಸ್ತಿ ಆತು" ಎಂದರು.

ಅಕ್ಕನ ಮುಖ ಅರಳಿದ್ದನ್ನು ನಾನು ಎಂದೂ ಮರೆಯಲಾರೆ. "ಹೌದಣ್ಣ" ಎಂದರು. "ಮುಂದಿನ ಸಲ ಕಡಿಮೆ ಮಾಡ್ತೀನಿ."

ಮುಂದಿನ ಸಲಗಳು ಬಹಳ ಬಂದವು. ಶಿಕಾರಿಪುರದಲ್ಲಿ ಬಸ್ಸು ನಿಲ್ಲುವ ಜಾಗದ ಹತ್ತಿರ ಅವರು ಒಂದು ಮಳಿಗೆ ಹಿಡಿದರು. ನಮಗೆ ಬೇರೆ ಊರಿಗೆ ವರ್ಗವಾದ ಮೇಲೂ ಆ ಕಡೆ ಹೋದಾಗೆಲ್ಲ ನಾನು ಇಳಿದು ಕುಡಿದು ಬರುತ್ತಿದ್ದೆ. ಕಲಿಯಬೇಕೆಂದು ಕೇಳಿದ ಹೆಣ್ಣುಮಕ್ಕಳಿಗೆಲ್ಲ ಮುಚ್ಚಿಡದೆ ಕಲಿಸಿದರು. ಯಾರಾದರೂ ಕೆಡಿಸಿಕೊಂಡು ಅಳುಮುಖ ಮಾಡಿ ಬಂದರೆ, "ಚೆಲ್ಲಿಲ್ಲ ತಾನೆ?" ಎಂದು ಮೊದಲು ಕೇಳುತ್ತಿದ್ದರಂತೆ.

ಆದರೆ ಅವರನ್ನು ನೆನೆದಾಗ ನನ್ನ ಕಣ್ಣಿಗೆ ಕಟ್ಟುವುದು ಆ ಮದುವೆಯ ಮರುದಿನ. ಸೊರಬದಲ್ಲಿ ಬಸ್ಸಿಗೆ ನಿಂತಿದ್ದೆವು. ಒಂದು ಕಡೆ ಆನವಟ್ಟಿಯ ಬಸ್ಸು ಹೊರಡಲು ಹಾರ್ನ್ ಹೊಡೆಯುತ್ತಿತ್ತು. ಇನ್ನೊಂದು ಕಡೆ ನಮ್ಮದು. ಅಣ್ಣ ಅಕ್ಕನ ಬಟ್ಟೆ ಗಂಟು ಹಿಡಿದು ತಮ್ಮ ಬಸ್ಸಿನ ಕಡೆ ಹೊರಟರು. ಅಕ್ಕ ಕದಲಲಿಲ್ಲ. ಅಣ್ಣ ಅರ್ಧ ದಾರಿಗೆ ನಿಂತು, ತಿರುಗಿ ಬಂದು, ಗಂಟನ್ನು ನನ್ನ ಕೈಗೆ ಕೊಟ್ಟು, ವಲ್ಲಿಯನ್ನು ತಲೆಗೆ ಸಿಂಬಿ ಸುತ್ತಿಕೊಂಡರು. ಖಾಲಿ ಸೀಸೆಗಳ ದೊಡ್ಡ ಬುಟ್ಟಿಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು, ಶಿಕಾರಿಪುರದ ಬಸ್ಸಿನ ಹಿಂದಿನ ಏಣಿಯನ್ನು, ಬಿಳಿ ಪಂಚೆ ಎತ್ತಿ ಕಟ್ಟಿ, ಒಂದೊಂದೇ ಮೆಟ್ಟಿಲು ಹತ್ತತೊಡಗಿದರು.

"ನಿಧಾನ ಅಣ್ಣ" ಎಂದು ಅಕ್ಕ ಕೆಳಗಿನಿಂದ ಕೂಗಿದರು. "ಗುಂಡು ಸೀಸೆ ಸುಲಭಕ್ಕೆ ಸಿಗಾಕಿಲ್ಲ!"